ಮಿಷಿನ್ ನಿಂತ ಜಾಗ

“ಲೇ ಹೊನ್ನಾ, ಇನ್ಮ್ಯಾಕೆ ಆ ನಿನ್ ಅರ್ಕಲು ತಮಟೇನ ಕೋಳಿ ಮುಚ್ಚಾಕೆ ಮಡಿಕ್ಕೊ. ಮಿಷಿನ್ ಬಂದದೆ ಕಣ್ಲಾ! ಕುಡಿಯಲ್ಲ, ಬೀಡಿ ಕೇಳಲ್ಲ. ಸುಚ್ ಒತ್ತುದ್ರೆ ಬಡ್ಕತದೆ.”

ಮಾದಪ್ಪನ ಗುಡಿಯ ಯಜಮಾನ ಗುರುಮಲ್ಲಪ್ಪನವರು ಮೆಟ್ಟಿಲ ಮೇಲೆ ನಿಂತು ಹೀಗೆ ಅನ್ನುವಾಗ, ಅಣ್ಣ ಹೊನ್ನಯ್ಯನೂ ನಾನೂ ಅದೇ ಮಿಷಿನ್ನನ್ನು ಗೂಡ್ಸ್ ಆಟೋದಿಂದ ಇಳಿಸುತ್ತಿದ್ದೆವು. ಎರಡು ನಗಾರಿ, ಒಂದು ಜಾಗಟೆ, ಒಂದು ಗಂಟೆ, ಬಡಿಯಲು ಕಬ್ಬಿಣದ ಕೈಗಳು. ಕಾಲು ಮಾತ್ರ ಇರಲಿಲ್ಲ, ಅದಕ್ಕೇ ನಾವು ಬೇಕಾದೆವು.

“ಅಲ್ಲೇ ಮಡುಗ್ರೋ ಬಡ್ಡೀಮಕ್ಳಾ, ಮೆಟ್ಲು ಮುಟ್ಟೀರಿ!”

ಇಳಿಸಿದೆವು. ಪೂಜೆ ಮಾಡುವ ತಮ್ಮಡಿ ಪುಟ್ಟಮಾದಪ್ಪ ಬಂದು, ನಾವು ಮುಟ್ಟಿದ್ದ ಕಡೆಗೆಲ್ಲ ನೀರು ಚಿಮುಕಿಸಿ, ವಿಭೂತಿ ಬಳಿದು, ಹಾರ ಹಾಕಿ ಒಳಗೆ ಸಾಗಿಸಿದರು. ಗರ್ಭಗುಡಿಯ ಬಾಗಿಲ ಪಕ್ಕದಲ್ಲೇ ಅದಕ್ಕೆ ಜಾಗ. ನಮ್ಮಪ್ಪ, ಅವರಪ್ಪ ಎಲ್ಲರೂ ಹೊರಗೆ ಹುಣಸೆಮರದ ಕೆಳಗೆ ನಿಂತು ಬಾರಿಸಿಯೇ ಸತ್ತವರು. ಇದು ಬಂದ ದಿನವೇ ಒಳಗೆ ಹೋಯಿತು. ಕಬ್ಬಿಣದ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ? ನಾವು ಪಟ್ಟೆವು. ಕೇರಿಯ ಮಕ್ಕಳು ಅದಕ್ಕೆ ‘ಒಳಗಿನ ಹೊನ್ನಯ್ಯ’ ಎಂದು ಹೆಸರಿಟ್ಟವು.

“ನಗಾರಿಗೆ ಬಿಗ್ದಿರೋದು ದನದ್ ಚರ್ಮ ತಾನೆ? ಸತ್ ದನ ಒಳಕ್ ಓಗ್ಬೋದು, ಸುಲ್ದೋನು ಓಗಂಗಿಲ್ವಾ?” ಎಂದು ಅತ್ತಿಗೆ ದೇವೀರಮ್ಮ ಒಲೆ ಊದುತ್ತ ಕೇಳಿದಳು.

ಅಣ್ಣ ನಗಲಿಲ್ಲ. ತಾನು ತಮಟೆ ಬಾರಿಸುತ್ತಿದ್ದ ಅಮಾವಾಸ್ಯೆ ಪೂಜೆ ಬಂತೆಂದರೆ ಅವನಿಗೆ ಊಟ ಸೇರದಾಯಿತು.

“ನಾನಂತೂ ಒಳಕ್ ಓಗಿಲ್ಲ, ಮಾದಪ್ಪನ ಮೊಖ ನೋಡಿಲ್ಲ. ನನ್ ಸದ್ದಾದ್ರೂ ಓಯ್ತಿತ್ತು ಕಣ್ಲಾ ರಾಜಣ್ಣ. ಈಗ ಅದೂ ಇಲ್ಲ” ಎಂದ.

ದೀಪಾವಳಿ ಅಮಾವಾಸ್ಯೆ ಬಂತು. ಗುಡಿಯೊಳಗೆ ಕಾಲಿಡಲು ಜಾಗವಿರಲಿಲ್ಲ. ಮಧ್ಯಾಹ್ನದ ಮಹಾಮಂಗಳಾರತಿಗೆ ತಮ್ಮಡಿ ಕರ್ಪೂರ ಹಚ್ಚಿ ತಟ್ಟೆ ಎತ್ತಿದರು. ಮಿಷಿನ್ನು ಕೈ ಎತ್ತಿತು. ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಕರೆಂಟು ಹೋಗಿತ್ತು.

ನಮ್ಮ ಕೇರಿಯ ದಿನೇಶ ಲೈನ್‌ಮನ್ ಆಗಿರುವುದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಅಣ್ಣನ ತಮಟೆ ಅಷ್ಟು ಹೊತ್ತಿಗೆ ಬೆಂಕಿಗೆ ಕಾದು ಟಣ್ ಎನ್ನುತ್ತಿದ್ದುದೂ ಆಕಸ್ಮಿಕವೇ.

ಬಡಿತವಿಲ್ಲದೆ ಆರತಿ ಆದರೆ ಮಾದಪ್ಪ ಮುನಿದು ಊರನ್ನೇ ಸುಡುತ್ತಾನೆ ಎಂದು ಹೇಳಿ ಜ್ವರದಲ್ಲೂ ನಮ್ಮನ್ನು ಎಳೆತಂದು ಬಾರಿಸಿದವರು ಗುರುಮಲ್ಲಪ್ಪನವರೇ. ಊರು ಅದನ್ನು ಮರೆತಿರಲಿಲ್ಲ. ಒಳಗೆ ಗುಜುಗುಜು ಎದ್ದಿತು.

“ಹೊನ್ನಾ! ತಮಟೆ ತಕಂಡ್ ಬಾಲಾ!” ಎಂದು ಅವರು ಕಿರುಚಿದರು.

ಅಣ್ಣ ಬಂದ. ಹಿಂದೆ ನಾನು, ಮುಂದೆ ಅತ್ತಿಗೆ.

“ಎಲ್ಲಿ ನಿಂತ್ಕಳ್ಳಿ ಬುದ್ಧಿ?” ಎಂದು ಅಣ್ಣ ಕೇಳಿದ.

“ಮರದ್ ಕೆಳ್ಗೆ ಕಣ್ಲಾ, ಇನ್ನೆಲ್ಲಿ? ನನ್ ತಲೆ ಮ್ಯಾಲಾ?”

ಅತ್ತಿಗೆ ಸೆರಗು ಸಿಕ್ಕಿಸಿದಳು. “ಮರದ್ ಕೆಳಗಿನ್ ಕೆಲ್ಸ ನೀವೇ ತಗುದ್ರಿ ಬುದ್ಧಿ. ಈಗ ಕರ್ದಿರೋದು ಮಿಷಿನ್ ಕೆಲ್ಸಕ್ಕೆ. ಮಿಷಿನ್ ಕೆಲ್ಸನ ಮಿಷಿನ್ ನಿಂತಿರೋ ಜಾಗದಲ್ಲೇ ಮಾಡ್ಬೇಕು.”

“ಏನಂದೆ ಮುಂಡೆ?”

“ಬ್ಯಾಡ ಅಂದ್ರೆ ಓಯ್ತೀವಿ. ಬಾ ರಾಜಣ್ಣ, ಮನ್ಗೋಗವ.” ನಾನು ಕೂಡಲೇ ತಿರುಗಿ ನಿಂತೆ.

ಗರ್ಭಗುಡಿಯೊಳಗೆ ಕರ್ಪೂರ ಧಗಧಗ ಉರಿಯುತ್ತಿತ್ತು. ತಟ್ಟೆ ಇಳಿಸುವಂತಿಲ್ಲ, ಬೆಳಗುವಂತಿಲ್ಲ. ತಮ್ಮಡಿಯ ಬೆವರು ದೇವರ ಮುಂದೆ ತೊಟ್ಟಿಕ್ಕುತ್ತಿತ್ತು.

“ಕೈ ಬೇಯ್ತಾ ಅದೆ ಕಣ್ರೋ! ಬಾರೋ ಹೊನ್ನಯ್ಯ ಒಳಕ್ಕೆ! ನಮ್ಮಪ್ಪಾ, ಬಾರೋ!”

ಅಣ್ಣ ಮೆಟ್ಟಿಲು ಹತ್ತಿದ, ಹಿಂದೆಯೇ ನಾವೂ. ಜನ ತಾಕಿಸಿಕೊಳ್ಳಬಾರದೆಂದು ಸರಿದು ದಾರಿ ಬಿಟ್ಟರು, ನಮಗೆ ಅದೂ ಅನುಕೂಲವೇ ಆಯಿತು. ಮಿಷಿನ್ನಿನ ಪಕ್ಕ ನಿಂತು ಅವನು ತಲೆ ಎತ್ತಿದ. ಬೆಳ್ಳಿಯ ಮುಖ, ಅವನು ಅಂದುಕೊಂಡದ್ದಕ್ಕಿಂತ ಚಿಕ್ಕದು. ಅಣ್ಣ ಗಳಗಳ ಅತ್ತ. ಅಳುತ್ತಲೇ ಬಾರಿಸಿದ. ಹೆಂಚಿನ ದೂಳು ಉದುರಿತು. “ಉಘೇ ಮಾದಪ್ಪ!” ಎಂದು ಇಡೀ ಗುಡಿ ಕೂಗಿತು. ತಟ್ಟೆ ಕೊನೆಗೂ ಸುತ್ತತೊಡಗಿತು.

“ಗುಡಿ ಮೈಲ್ಗೆ ಆಯ್ತು! ಎಲ್ಲಾ ವೊರಕ್ ಬನ್ರೋ!” ಎಂದು ಗುರುಮಲ್ಲಪ್ಪನವರು ಅಬ್ಬರಿಸಿದರು.

ಆರತಿ ಬಿಟ್ಟು ಯಾರು ಹೋಗುತ್ತಾರೆ? ಅವರೊಬ್ಬರೇ ದಡದಡ ಇಳಿದು ಅಂಗಳದ ಹುಣಸೆಮರದ ಕೆಳಗೆ ನಿಂತರು. ಹಾಗೆಂದು ಆರತಿ ತಪ್ಪಿಸಿಕೊಳ್ಳಲು ಮನಸ್ಸಿಲ್ಲ. ಕೈ ಮುಗಿದುಕೊಂಡು ಇಣುಕಿದರು. ಕಂಬ ಅಡ್ಡ ಬಂತು. ಬಲಕ್ಕೆ ಸರಿದರು, ಅಲ್ಲೂ ಕಂಬ. ತುದಿಗಾಲಲ್ಲಿ ನಿಂತರು.

ನನಗೆ ಅಯ್ಯೋ ಪಾಪ ಅನ್ನಿಸಿತು. ಒಳಗಿನಿಂದಲೇ ಕೂಗಿ ಹೇಳಿದೆ:

“ಸುಮ್ಕೆ ಕತ್ತು ನೋಯುಸ್ಕಬ್ಯಾಡಿ ಬುದ್ಧಿ. ಅಲ್ಲಿಂದ ಯಾವತ್ತೂ ಕಂಡಿಲ್ಲ.”