ಭುಜದವರೆಗೆ

“ಮುಖ ಹೇಗಿದ್ರೂ ನಡೆಯತ್ತೆ ಸಾರ್, ಭುಜ ಮಾತ್ರ ನೆಟ್ಟಗಿರ್ಲಿ,” ಅಂದ ಫೋಟೋ ತೆಗೆಯುವ ಪೈಬಸ್, ಕ್ಯಾಮೆರಾದ ಕಪ್ಪು ಬಟ್ಟೆಯೊಳಗಿಂದಲೇ.

ಆಂಬ್ರೋಸ್‌ಗೆ ಅರ್ಥವಾಗಲಿಲ್ಲ. ಯಾರ್ಕ್‌ನಲ್ಲಿ ಹುಡುಗರಿಗೆ ಲ್ಯಾಟಿನ್ ಕಲಿಸುವವನು, ಮನೆಮಂದಿಯ ಫೋಟೋ ತೆಗೆಸೋಣ ಬಾ ಎಂದು ಅಮ್ಮ ಬರೆದಳೆಂದು ಬೆಳಗಿನ ರೈಲಿಗೆ ಮನೆಗೆ, ಹ್ಯಾಲಿಫ್ಯಾಕ್ಸಿಗೆ ಬಂದಿದ್ದ. ಬಾ ಎಂದು ಅವಳು ಬರೆದದ್ದು ಆರು ವರ್ಷದಲ್ಲಿ ಇದೇ ಮೊದಲು. ಬಂದೊಡನೆ ಒಂದು ಕೋಟು ಕೊಟ್ಟು ತೊಡು ಎಂದಳು. ಹೋದ ಚಳಿಗಾಲ ಜ್ವರದಲ್ಲಿ ತೀರಿಕೊಂಡ ಅಣ್ಣ ಲಯೊನೆಲ್‌ನ ಕೋಟು. ತನ್ನದು ಮಾಸಿದೆಯೆಂದು ಕೊಟ್ಟಿರಬೇಕು ಅಂದುಕೊಂಡಿದ್ದ.

“ಹೇಗಿದ್ರೂ ಅಂದ್ರೆ?”

ಅಕ್ಕ ಲವೀನಿಯಾ ಪಿಯಾನೋದ ಮೇಲಿನ ಲೇಸು ಸರಿಮಾಡಿದಳು. “ಅಮ್ಮ ನಿಂಗೆ ಬರೀಲಿಲ್ವಾ?”

“ಏನನ್ನ?”

“ಲಯೊನೆಲ್‌ದು ಒಂದು ಚಿಕ್ಕ ಫೋಟೋ ಇದೆ, ಬರೀ ಮುಖ,” ಅಂದಳು ಅಮ್ಮ. “ಅದನ್ನ ಇವರು ಕತ್ತರಿಸಿ ಈ ಫೋಟೋದಲ್ಲಿ ಕೂರಿಸ್ತಾರೆ. ಮೈ ಬೇಕಲ್ಲ. ನಿಮ್ಮಿಬ್ರದೂ ಒಂದೇ ಅಳತೆ.”

“ಮತ್ತೆ ನಾನೆಲ್ಲಿರ್ತೀನಿ?”

“ಎರಡು ಕಡೆ ಕೂರಕ್ಕೆ ನೀನೇನು ಜಾದೂಗಾರನಾ,” ಅಪ್ಪ ಮೀಸೆ ತೀಡಿಕೊಂಡರು.

“ನಿಂದು ಯಾವತ್ತು ಬೇಕಾದ್ರೂ ತೆಗೆಸಬಹುದು ಕಣೋ,” ಅಂದಳು ಅಮ್ಮ. “ಅವನದು?”

ತರ್ಕದಲ್ಲಿ ತಪ್ಪಿರಲಿಲ್ಲ. ಅವನ ಹುಡುಗರು ಹೀಗೆ ವಾದಿಸಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದ.

ಎದ್ದು ಹೋಗಬಹುದಿತ್ತು. ಹೋದರೆ ಅಪ್ಪನ ಅಂಗಡಿಯ ಯಾವನೋ ಗುಮಾಸ್ತನನ್ನು ಕರೆಸಿ ಕೂರಿಸುತ್ತಾರೆ, ಅಷ್ಟೆ. ಬೇಡ. ಕೂತೇ ಕೆಡಿಸುತ್ತೇನೆ. ಪೈಬಸ್ ಎಂಟು ಎಣಿಸುವವರೆಗೆ ಅಲ್ಲಾಡಬಾರದಂತೆ, ಐದಕ್ಕೆ ಅಲ್ಲಾಡುತ್ತೇನೆ. ನಿರ್ಧರಿಸಿದ ಮೇಲೆ ಉಸಿರು ಸಲೀಸಾಯಿತು. ಬೆನ್ನು ತಾನಾಗಿ ನೆಟ್ಟಗಾಯಿತು. ಪೈಬಸ್ ಮೆಚ್ಚಿಕೊಂಡ.

ಅಮ್ಮ ಹಿಂದೆ ನಿಂತು ಅವನ ಭುಜದ ಮೇಲೆ ಕೈಯಿಟ್ಟಳು. ಕೈ ಬೆಚ್ಚಗಿತ್ತು. ಇಟ್ಟದ್ದು ಕೋಟಿಗೆ, ತನಗಲ್ಲ ಎಂದು ಆಂಬ್ರೋಸ್ ತನಗೇ ಹೇಳಿಕೊಂಡ.

“ಒಂದು. ಎರಡು. ಮೂರು.”

ನಾಲ್ಕಕ್ಕೆ ಆ ಕೈ ಮೆಲ್ಲಗೆ ಅದುಮಿತು. ಒಂದು ಕ್ಷಣ ಅವನಿಗೆ ಸುಮ್ಮನಿದ್ದುಬಿಡೋಣ ಅನ್ನಿಸಿತು. ಐದಕ್ಕೆ ಮುಖ ಪೂರ್ತಿ ತಿರುಗಿಸಿ ಅವಳನ್ನು ನೋಡಿದ. ಅವಳು ಕೆಳಗೆ ನೋಡಲಿಲ್ಲ. ಎಂಟರವರೆಗೂ ಕ್ಯಾಮೆರಾವನ್ನೇ ನೋಡುತ್ತಿದ್ದಳು.

“ಕೆಡ್ತು,” ಅಂದ ಆಂಬ್ರೋಸ್. “ನಾನು ಅಲ್ಲಾಡಿದೆ. ಬೇಕಂತಲೇ.”

“ಲ್ಯಾಟಿನ್ ಮೇಷ್ಟ್ರಿಗೆ ಎಂಟು ಎಣಿಸೋವರೆಗೂ ಸುಮ್ನಿರಕ್ಕಾಗಲ್ಲ,” ಅಂದರು ಅಪ್ಪ.

ಅಮ್ಮ ಪೈಬಸ್‌ನನ್ನು ಕೇಳಿದಳು. “ಭುಜ ಅಲ್ಲಾಡ್ತಾ?”

“ಒಂಚೂರೂ ಇಲ್ಲ ಅಮ್ಮಾವ್ರೇ. ತಲೆ ಒಂದೇ. ಅದು ಹೇಗೂ ಕತ್ತರಿಸೋದೇ.”

ಬಿಸಿಲಿಗೆ ಜಮಖಾನೆಯ ಬಣ್ಣ ಹೋಗುತ್ತದೆಂದು ಲವೀನಿಯಾ ಕಿಟಕಿಯ ಸುರುಳಿಪರದೆಯನ್ನು ಇಳಿಬಿಟ್ಟಳು. ಅರ್ಧಕ್ಕೆ ಅದರ ಹಗ್ಗ ಸಿಕ್ಕಿಕೊಂಡಿತು. ಕುರ್ಚಿಯಲ್ಲಿ ಬಿಸಿಲು ಕೋಟಿನ ಕಾಲರಿನವರೆಗೆ ಬಿದ್ದಿತ್ತು, ಅಮ್ಮನ ಐದೂ ಬೆರಳು ಸ್ಪಷ್ಟವಾಗಿ ಕಾಣುತ್ತಿದ್ದವು. ಕಾಲರಿನಿಂದ ಮೇಲೆ, ನೆರಳಿನಲ್ಲಿ, ಏನಿದೆಯೆಂದು ಕಾಣುತ್ತಿರಲಿಲ್ಲ.