ತಾರವ್ವ ಕೊಟ್ಟ ಗಾಳಿ

ಜಮಖಂಡಿಯ ದವಾಖಾನೆಯಲ್ಲಿ ಬೆಳಗಿನ ಪಾಳಿ ಮುಗಿಸಿ ಶ್ರೀದೇವಿ ರಬಕವಿಯ ಮನೆಗೆ ಬಂದಾಗ ಬಾಗಿಲಲ್ಲಿ ಎರಡು ಜೊತೆ ಹೊಸ ಚಪ್ಪಲಿಗಳಿದ್ದವು. ಚಿಮ್ಮಡದಿಂದ ಮಾವನ ಅಕ್ಕ ತಾರವ್ವ, ಆಕೆಯ ಗಂಡ ಲಗಮಪ್ಪ ಮಾತಾಡಿಸಿಕೊಂಡು ಹೋಗಲು ಬಂದಿದ್ದರು.

"ಸಾವಕಾಶ ಬಾ ಬೇ," ತಾರವ್ವ ಪಿಸುಗುಟ್ಟಿದಳು. "ನಿಮ್ಮ ಮಾವಗ ಈಗರೆ ಕಣ್ಣ ಹತ್ಯಾವು."

ಅತ್ತೆ ಶೇವಂತಿಯ ಮುಖವೂ ಅರಳಿತ್ತು. "ಎಷ್ಟ ದಿನಾ ಆಗಿತ್ತ, ಇಂಥಾ ನಿದ್ದಿ ಮಾಡಿ!"

ಮಾವ ಮಹಾಲಿಂಗಪ್ಪ ಹುಡುಗನಾಗಿದ್ದಾಗಿನಿಂದ ಮಗ್ಗದ ಮನೆಯಲ್ಲಿ ನೂಲಿನ ಧೂಳು ಕುಡಿದವನು, ಜೊತೆಗೆ ಬೀಡಿಯನ್ನೂ. ಪುಪ್ಪುಸ ಹಾಳಾಗಿ, ಅದರ ಹೊರೆ ಹೃದಯದ ಮೇಲೆ ಬಿದ್ದು, ಕಾಲು ಬಾತಿದ್ದವು. ದವಾಖಾನೆಯಿಂದ ಮನೆಗೆ ಕಳಿಸುವಾಗ ಆಕ್ಸಿಜನ್ ಮಷಿನನ್ನೂ ಕೊಡಿಸಿದ್ದರು. ಅಂದಿನಿಂದ ಶ್ರೀದೇವಿ ಅವನ ಮಂಚಕ್ಕೆ ಕಾವಲು. ಉಪ್ಪು ಬೇಡ, ನೀರು ಅಳೆದು ಕುಡಿಸಬೇಕು, ಬಂದವರು ಬಾಯಿಗೆ ಏನೂ ಹಾಕಬಾರದು.

ಈ ಕೊನೆಯದೇ ಬಿಕ್ಕಟ್ಟಾಗಿತ್ತು. ಅವರ ಬಳಗದಲ್ಲಿ ಜಡ್ಡಾದವರನ್ನು ನೋಡಲು ಬಂದವರು ಏನಾದರೂ ತಂದು, ಕೈಯಾರೆ ಒಂದು ತುತ್ತು ತಿನ್ನಿಸಿಯೇ ಏಳಬೇಕು. ಅದಿಲ್ಲದಿದ್ದರೆ ಬಂದರೂ ಬಂದಂತಲ್ಲ. ಶ್ರೀದೇವಿ ಎಳನೀರನ್ನೂ ತಡೆದಳು, ಅವಲಕ್ಕಿ ಚೂಡಾವನ್ನೂ ತಡೆದಳು. "ನರ್ಸ ಸೊಸಿ ಮನ್ಯಾಗ ಬೀಗರು ಕೈ ಕಟ್ಟಿ ಕುಂದರಬೇಕ ನೋಡ್ರಿ," ಎಂದು ಓಣಿಯಲ್ಲಿ ಆಡಿಕೊಂಡರು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಮಷಿನಿನ ವಿಷಯದಲ್ಲಿ ಮಾತ್ರ, ಹತ್ತಿರ ಬೀಡಿ ಹಚ್ಚಬೇಡಿರಿ ಎಂದದ್ದು ಬಿಟ್ಟರೆ ಯಾರಿಗೂ ಏನೂ ಹೇಳಿರಲಿಲ್ಲ. ಅದನ್ನು ಯಾರು ಮುಟ್ಟುತ್ತಾರೆ ಎಂಬ ಧೈರ್ಯ. ತಿರುಗುವ ಮೋಟರನ್ನು ಕಂಡರೆ ಸಾಕು, ಬಿಗಿ ಮಾಡಿ ಸಡಿಲು ಮಾಡಿ ನೋಡುವ ನೇಕಾರರ ಬಳಗದಲ್ಲಿ ಆ ಧೈರ್ಯಕ್ಕೆ ಯಾವ ಆಧಾರವೂ ಇರಲಿಲ್ಲ.

ಅವಳು ಮಂಚದ ಹತ್ತಿರ ಹೋದಳು. ಮಾವ ದಿಂಬಿನಿಂದ ಜಾರಿ ಅಂಗಾತ ಮಲಗಿದ್ದ. ಮುಖ ಕೆಂಪಗೆ, ಹಣೆಯಲ್ಲಿ ಬೆವರು. ಕೈ ಬೆಚ್ಚಗಿತ್ತು, ನಾಡಿ ಬೆರಳನ್ನು ದೂಡುವಂತೆ ಹೊಡೆಯುತ್ತಿತ್ತು. ಎದೆ ಮಾತ್ರ ಏರಿದ್ದು ಕಾಣುವಷ್ಟೂ ಏರುತ್ತಿರಲಿಲ್ಲ.

ಲಗಮಪ್ಪ ಬೆರಳಿನ ಮೀಟರನ್ನು ತೋರಿಸಿದ. "ನೋಡ, ತೊಂಬತ್ತೆಂಟ! ನಾವ ಬಂದಾಗ ತೊಂಬತ್ತರಾಗ ಒದ್ದಾಡಾಕತ್ತಿತ್ತು. ಕರೋನಾದಾಗ ನಾ ಎಲ್ಲಾ ಕಲತೇನಿ. ತೊಂಬತ್ತೈದರ ಮ್ಯಾಲಿದ್ರ ಮನಷ್ಯಾ ಛಲೋ ಅದಾನಂತ."

ಶ್ರೀದೇವಿ ಮಷಿನಿನ ಕಡೆ ತಿರುಗಿದಳು. ಎಷ್ಟು ಗಾಳಿ ಹೋಗುತ್ತಿದೆ ಎಂದು ತೋರಿಸುವ ಗಾಜಿನ ಕೊಳವೆಯೊಳಗೆ ಒಂದರ ಗೆರೆಯಲ್ಲಿರಬೇಕಾದ ಗುಂಡು ತುದಿಗೆ, ಐದಕ್ಕೆ ಏರಿ ಕುಳಿತಿತ್ತು.

"ಇದನ್ನ ಯಾರ ತಿರಿವಿದ್ರಿ?"

"ನಾನ," ತಾರವ್ವ ಅಂಜಿಕೆಯಿಲ್ಲದೆ ಹೇಳಿದಳು. "ಬಾಯಾಗ ಒಂದ ತುತ್ತ ಹಾಕಗೊಡವಲ್ಲಿ. ಒಡಹುಟ್ಟಿದಾಕಿ ಬರಿಗೈಲೆ ಹ್ಯಾಂಗ ಹೋಗಲಿ? ಗಾಳಿನರೆ ಕೊಡೂಣಂತ ಕೊಟ್ಟೆ. ಗಾಳಿಗೇನ ಉಪ್ಪ ಐತೇನ?"

"ಮಾವಾರ! ಮಾವಾರ!" ಶ್ರೀದೇವಿ ಭುಜ ಹಿಡಿದು ಅಲುಗಿಸಿದಳು. ರೆಪ್ಪೆ ಅರ್ಧ ತೆರೆದು ಮತ್ತೆ ಮುಚ್ಚಿತು.

ವರ್ಷಗಟ್ಟಲೆ ಕೆಟ್ಟ ಪುಪ್ಪುಸದೊಳಗೆ ಬಳಸಿದ ಗಾಳಿ ಪೂರ್ತಿ ಹೊರಗೆ ಹೋಗುವುದಿಲ್ಲ. ಅಂಥವರಿಗೆ ಆಕ್ಸಿಜನ್ ಮಿತಿ ಮೀರಿ ಕೊಟ್ಟರೆ ಆ ಕೆಟ್ಟ ಗಾಳಿ ರಕ್ತದಲ್ಲಿ ಇನ್ನಷ್ಟು ತುಂಬಿ ಮಿದುಳಿಗೆ ಮಂಪರು ಕವಿಯುತ್ತದೆ. ಬೆರಳಿನ ಮೀಟರು ಆಕ್ಸಿಜನ್ನನ್ನು ಎಣಿಸುತ್ತದೆಯೇ ಹೊರತು ಕೆಟ್ಟ ಗಾಳಿಯನ್ನಲ್ಲ. ಮನೆಯವರು ನಿದ್ದೆ ಹತ್ತಿತು ಎಂದುಕೊಳ್ಳುತ್ತಾರೆ, ರೋಗಿ ಆ ನಿದ್ದೆಯಲ್ಲೇ ಹೋಗುತ್ತಾನೆ. ವಾರ್ಡಿನಲ್ಲಿ ಅವಳು ಅದನ್ನು ಕಂಡಿದ್ದಳು.

ಡಾಕ್ಟರಿಗೆ ಫೋನ್ ಹಚ್ಚಿದಳು. ಎಲ್ಲ ಕೇಳಿ ಅವರು ಅವಸರದಲ್ಲಿ ಹೇಳಿದರು: "ಕಡಿಮಿ ಮಾಡ್ರಿ, ಪೂರಾ ಬಂದ್ ಮಾಡಬ್ಯಾಡ್ರಿ. ಎಂಬತ್ತೆಂಟ ತೊಂಬತ್ತೆರಡರ ನಡುವ ಇಡ್ರಿ. ಲಗೂನ ಕರಕೊಂಡ ಬರ್ರಿ."

ಹಿತ್ತಲಲ್ಲಿದ್ದ ತನ್ನ ಗಂಡ ಮುತ್ತಣ್ಣನಿಗೆ ಆಂಬುಲೆನ್ಸ್ ಕರೆಸಲು ಕೂಗಿ ಹೇಳಿ ಅವಳು ಮಷಿನಿಗೆ ಕೈ ಹಾಕಿದಳು. ಲಗಮಪ್ಪ ಅವಳ ಮಣಿಕಟ್ಟನ್ನೇ ಹಿಡಿದ.

"ಕೈ ತಗಿ! ಉಸಿರಿಲ್ಲದ ಮನಷ್ಯಾಗ ಗಾಳಿ ಕಡಿಮಿ ಮಾಡತೀ? ಏನರೆ ಆದ್ರ ಯಾರ ಜವಾಬ್ದಾರಿ?"

ಆ ಪ್ರಶ್ನೆ ಅವಳಿಗೂ ಹೊಳೆದಿತ್ತು. ಮಾವ ಈಗ ಹೋದರೆ ಸೊಸೆಯೇ ಗಾಳಿ ನಿಲ್ಲಿಸಿದಳು ಎಂಬ ಮಾತು ಅವಳು ಬದುಕಿರುವವರೆಗೂ ಉಳಿಯುತ್ತದೆ. ಶೇವಂತಿ ಇಬ್ಬರ ಮುಖವನ್ನೂ ನೋಡುತ್ತ ಸೆರಗು ಬಾಯಿಗೆ ಒತ್ತಿಕೊಂಡಳು. ಕೆಟ್ಟ ಗಾಳಿಯ ಪಾಠ ಹೇಳುತ್ತ ಕೂರುವ ಹೊತ್ತಲ್ಲ ಅದು. ಶ್ರೀದೇವಿ ತಾರವ್ವನ ಕಡೆ ತಿರುಗಿದಳು.

"ಅತ್ತಿ, ನಿದ್ದಿ ಆಗಿದ್ರ ಏಳತಾರ. ನಿಮ್ಮ ತಮ್ಮನ್ನ ನೀವ ಎಬ್ಬಸ್ರಿ."

"ಅದೇನ ದೊಡ್ಡ ಮಾತ?" ತಾರವ್ವ ಬಾಗಿದಳು. "ಮಾಲಿಂಗಾ! ಲೇ ಮಾಲಿಂಗಾ! ಅಕ್ಕ ಬಂದಾಳ, ಏಳೊ." ಕೆನ್ನೆ ತಟ್ಟಿದಳು. ಆಮೇಲೆ ಕಿವಿ ಹಿಡಿದು ಹಿಂಡಿದಳು. ಚಿಕ್ಕಂದಿನಿಂದಲೂ ಕಿವಿ ಮುಟ್ಟಿದರೆ ಜಗಳಕ್ಕೆ ಬೀಳುತ್ತಿದ್ದ ತಮ್ಮ ಮುಖ ಸಹ ಕಿವುಚಲಿಲ್ಲ. ಇನ್ನೊಮ್ಮೆ ಜೋರಾಗಿ ಹಿಂಡಿದಳು. ಬಳಿಕ ಆಕೆಯ ದನಿ ಇಳಿಯಿತು.

"ಇದ ನಿದ್ದಿ ಅಲ್ಲ... ಬಿಡ್ರಿ ಆಕಿ ಕೈ!"

ಗಂಡ ಬಿಡುವವರೆಗೂ ಕಾಯದೆ ತಾನೇ ಅವನ ಬೆರಳುಗಳನ್ನು ಬಿಡಿಸಿದಳು.

ಶ್ರೀದೇವಿ ಗುಂಡನ್ನು ಇಳಿಸಿದಳು, ನೋಡಿದಳು, ಮತ್ತಷ್ಟು ಇಳಿಸಿದಳು. ಮೀಟರಿನ ಅಂಕಿ ಇಳಿದಂತೆಲ್ಲ ಲಗಮಪ್ಪ ಲೊಚಗುಟ್ಟಿದ. ತೊಂಬತ್ತೊಂದಕ್ಕೆ ಅವಳು ಕೈ ನಿಲ್ಲಿಸಿದಳು. ತಾರವ್ವನಿಗೆ ಹೇಳಿದಳು: "ಅತ್ತಿ, ಹಿಂದ ಕುಂಡ್ರಿ, ನಿಮ್ಮ ಎದಿಗಿ ಆನಸಿಕೊಂಡ ಕುಂದ್ರಸ್ರಿ. ಹೆಸರ ಹಿಡದ ಕರಿಯೂದ ಬಿಡಬ್ಯಾಡ್ರಿ." ಜಮಖಂಡಿ ಮುಟ್ಟುವವರೆಗೂ ಆಂಬುಲೆನ್ಸಿನಲ್ಲಿ ತಾರವ್ವ ತಮ್ಮನನ್ನು ಬೈಯುತ್ತಲೇ ಕರೆಯುತ್ತಿದ್ದಳು.

ದವಾಖಾನೆಯಲ್ಲಿ, ಒಳಗೆ ಗಾಳಿ ದೂಡಿ ಕೆಟ್ಟದ್ದನ್ನು ಹೊರಗೆ ಹಾಕಿಸುವ ಮಷಿನಿನ ಮಾಸ್ಕನ್ನು ಮುಖಕ್ಕೆ ಬಿಗಿದರು. ಸಂಜೆಯ ಹೊತ್ತಿಗೆ ಮಹಾಲಿಂಗಪ್ಪ ಕಣ್ಣು ಬಿಟ್ಟು ಅದನ್ನು ಕಿತ್ತೊಗೆಯಲು ನೋಡಿದ. ಆಗ ಶೇವಂತಿಗೆ ಅಳು ಬಂತು.

ವಾರ್ಡಿನ ಹೊರಗೆ ತಾರವ್ವ ಗೋಡೆಗೆ ಒರಗಿ ಕುಳಿತಿದ್ದಳು. "ಖರೆ ಹೇಳ ಶ್ರೀದೇವಿ. ನಾನ ಕೊಲ್ಲಾಕತ್ತಿದ್ನೇನ?"

ಇಲ್ಲ ಎಂಬುದು ನಾಲಿಗೆಯ ಮೇಲೇ ಇತ್ತು. ಆದರೆ ನಾಳೆ ಮತ್ತೊಬ್ಬರು ಬರುತ್ತಾರೆ, ಮಷಿನು ತಿರುವಲು ಅವರಿಗೂ ಕೈಯಿದೆ.

"ಹೂಂ ಅತ್ತಿ. ಇನ್ನೊಂದ ತಾಸ ಬಿಟ್ಟಿದ್ರ ಉಳೀತಿದ್ದಿಲ್ಲ," ಎಂದು ಅವಳು ಪಕ್ಕದಲ್ಲಿ ಕುಳಿತಳು. "ನಂದೂ ತಪ್ಪೈತಿ. ಕೊಡಬ್ಯಾಡ್ರಿ ಅಂತಷ್ಟ ಹೇಳಕೋತ ಹ್ವಾದೆ. ಏನ ಕೊಡಬೇಕಂತ ಹೇಳಲಿಲ್ಲ."

ತಾರವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಹಂಗಾರ ಹೇಳ."

ಮಾಸ್ಕು ತೆಗೆದ ಮರುದಿನ ಶ್ರೀದೇವಿ ಆಕೆಯನ್ನು ತಮ್ಮನ ಎದುರಿಗೆ ಕೂರಿಸಿದಳು. ತುತ್ತಿನ ಬದಲು ಆಕೆ ಕೊಡಬೇಕಾದದ್ದು ಇದು: ಮೂಗಿನಿಂದ ಉಸಿರು ಎಳೆಸಿ, ತುಟಿ ಸಣ್ಣಗೆ ಮಾಡಿಸಿ, ಎದುರಿಗೊಂದು ದೀಪವಿದ್ದರೆ ಅದು ಆರದೆ ಬರೀ ಅಲುಗುವಷ್ಟು ಮೆಲ್ಲಗೆ, ಎಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಊದಿಸಿ, ಒಳಗೆ ಸಿಕ್ಕಿದ ಕೆಟ್ಟ ಗಾಳಿಯನ್ನು ಹೊರಗೆ ಹಾಕಿಸಬೇಕು. ದಣಿದರೆ ಬಿಡಬೇಕು, ಸುಧಾರಿಸಿಕೊಂಡ ಮೇಲೆ ಮತ್ತೆ ಹಿಡಿಯಬೇಕು.

"ಸಾಕ ಬಿಡ ಅಕ್ಕಾ, ಗಲ್ಲಾ ನೋಯಾಕತ್ತಾವು," ಎಂದ ಮಹಾಲಿಂಗಪ್ಪ.

"ನಾ ಚಿಮ್ಮಡದಿಂದ ಬಂದೇನಿ, ನೀ ಗಲ್ಲದ ಮಾತ ಹೇಳತೀ?" ತಾರವ್ವ ತಾನೂ ತುಟಿ ಮುಂದೆ ಮಾಡಿದಳು. "ಊದ ಲೇ."

ಅವನು ಊದಿದ.