ಪೊರಕೆ ಗುಡಿಸಿದ ಕಡಲತಳ

ಸರ್ವೆ ಆಫೀಸಿನಲ್ಲಿ ಅವಳನ್ನು ಎಲ್ಲರೂ ಪೊರಕೆ ಎನ್ನುತ್ತಿದ್ದರು. ಹೆಸರಿಟ್ಟವನು ಅವಳ ಅಣ್ಣನೇ. ಅವಳು ಮಾಡಿದ ಕಡಲತಳದ ನಕ್ಷೆಯಲ್ಲಿ ಒಂದು ಕಸಕಡ್ಡಿಯೂ ಕಾಣುವಂತಿಲ್ಲ. ಗುಡಿಸಿ ಒರೆಸಿದ ಹಜಾರದ ಹಾಗೆ ನುಣ್ಣಗಿರಬೇಕು. ಹೊಗಳಿಕೆಯೆಂದೇ ಅವಳು ಆ ಹೆಸರಿಗೆ ಬೀಗುತ್ತಿದ್ದಳು.

ಈಗ ಅದೇ ಅಣ್ಣನ ಮೀನುದೋಣಿ ಈ ನೀರಿನಡಿ ಎಲ್ಲೋ ಕುಳಿತಿತ್ತು. ನಸುಕಿನಲ್ಲಿ ಅದು ಮುಳುಗಿದಾಗ ಈಜಿ ಪಾರಾದ ಅಡುಗೆಯವನು, ಎಂಜಿನ್ ಕೋಣೆಯ ಒಳಗಿಂದ ಯಾರೋ ಬಾಗಿಲು ಬಡಿಯುತ್ತಿದ್ದರು ಎಂದಿದ್ದ. ಎಂಜಿನ್ ನೋಡಿಕೊಳ್ಳುತ್ತಿದ್ದವನು ಅಣ್ಣ. ಬಾಗಿಲು ಭದ್ರವಾಗಿದ್ದರೆ ಒಳಗೆ ಒಂದಿಷ್ಟು ಗಾಳಿ ಉಳಿದಿರುತ್ತದೆ. ಇಳಿಯಲು ಡೈವರ್‌ಗಳು ಸಜ್ಜಾಗಿ ಕೂತಿದ್ದರು. ಆದರೆ ಎಲ್ಲಿಗೆಂದು ಇಳಿಯುವುದು? ಅದನ್ನು ತೋರಿಸಬೇಕಾದವಳು ಪೊರಕೆ. ಒಡಹುಟ್ಟಿದವನನ್ನು ಹುಡುಕಲು ತಂಗಿಯನ್ನೇ ಕಳಿಸಬಾರದಿತ್ತು ಎಂದು ದಡದಲ್ಲಿ ಯಾರೋ ಗೊಣಗಿದರಂತೆ. ಗೊಣಗುವವರಿಗೇನು, ಬೇರೆ ಯಾರಿದ್ದರು?

ಅವಳಿದ್ದ ಸರ್ವೆ ಹಡಗಿನ ಹೊಟ್ಟೆಯ ಸೋನಾರ್ ನೂರಾರು ಸದ್ದಿನ ಕಿರಣಗಳನ್ನು ಬೀಸಣಿಗೆಯಂತೆ ಹರಡಿ ಕೆಳಗೆ ಬಿಡುತ್ತದೆ. ಮರಳಿ ಬಂದ ಸದ್ದು ತಳದ ಆಕಾರ ಹೇಳುತ್ತದೆ. ಬೆಳಗಿನಿಂದ ಹಡಗು ಹೊಲ ಉಳುವಂತೆ ಸಾಲು ಸಾಲಾಗಿ ಓಡಾಡಿತ್ತು. ಸಿಕ್ಕಿದ್ದು ಸೊನ್ನೆ.

"ಮೇಡಂ, ಇದೇ ಕೊನೇ ಸಾಲು," ಎಂದ ಕ್ಯಾಪ್ಟನ್. "ಗಾಳಿ ಹೇಗೆ ಏಳ್ತಿದೆ ನೋಡಿ. ಇನ್ನೂ ತಡ ಆದ್ರೆ ಡೈವರ್‌ಗಳನ್ನ ಇಳಿಸೋಕೇ ಆಗಲ್ಲ."

ಅವಳು ಸದ್ದಿನ ಜೋರು ಹೆಚ್ಚಿಸಿದಳು. ಬೀಸಣಿಗೆಯನ್ನು ಕಿರಿದು ಮಾಡಿದಳು. ಪರದೆಯ ಮೇಲೆ ಅದೇ ಹಾಳು ನುಣುಪು. "ಒಂದು ಗೀರಾದ್ರೂ ತೋರಿಸು, ನಿನ್ನ ದಮ್ಮಯ್ಯ," ಎಂದು ಯಂತ್ರದ ಮುಂದೆ ಅಂಗಲಾಚಿದಳು.

ಫೋನು ಬಡಿದುಕೊಂಡಿತು. ದಡದಿಂದ ಅತ್ತಿಗೆ.

"ಸಿಕ್ತೇನೇ?"

"ಇಲ್ಲ ಅತ್ತಿಗೆ. ತಳ ಪೂರ್ತಿ ಸ್ವಚ್ಛವಾಗಿದೆ."

ಆ ಮಾತು ತನ್ನ ಬಾಯಿಂದಲೇ ಹೊರಬಿದ್ದಾಗ ಅವಳು ಮತ್ತೆ ಪರದೆಯತ್ತ ತಿರುಗಿದಳು. ದಿನವೂ ಬಲೆ ಎಳೆಯುವ ಜಾಗ ಅಷ್ಟು ಸ್ವಚ್ಛವಿರುವುದುಂಟೇ?

ಬೆಳಿಗ್ಗೆ ಅಲೆಯ ಗುಳ್ಳೆಗಳು ಸುಳ್ಳು ಸದ್ದು ಹುಟ್ಟಿಸುತ್ತಿದ್ದವು. ಅದರ ಕಾಟ ತಪ್ಪಿಸಲು, ತಳದಿಂದ ಎರಡಾಳು ಎತ್ತರಕ್ಕಿಂತ ಮೇಲೆ ಏನು ಕಂಡರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡ, ಖಾಲಿ ಬಿದ್ದ ಜಾಗಕ್ಕೆ ಸುತ್ತಲಿನ ಆಳವನ್ನೇ ತುಂಬು ಎಂದು ಯಂತ್ರಕ್ಕೆ ಅಪ್ಪಣೆ ಕೊಟ್ಟಿದ್ದಳು. ದಿನನಿತ್ಯದ ಅಭ್ಯಾಸ. ಗುಳ್ಳೆ ಹೋಗುತ್ತದೆ, ಮೀನಿನ ಹಿಂಡು ಹೋಗುತ್ತದೆ. ತಳದಲ್ಲಿ ನೆಟ್ಟಗೆ ಕೂತ ದೋಣಿಯೂ ಹೋಗುತ್ತದೆ.

ಯಂತ್ರ ತಾನೇ ತುಂಬಿದ್ದ ಆಳವನ್ನು ಮೊದಲು ಕಿತ್ತಳು. ನುಣುಪಾಗಿದ್ದ ನಕ್ಷೆಯ ಮೇಲೆ ತೂತುಗಳು ತೆರೆದುಕೊಂಡವು. ಒಂದು ಮಾತ್ರ ಉದ್ದಕ್ಕೆ, ದೋಣಿಯಷ್ಟೇ ಉದ್ದಕ್ಕೆ, ಬೆಳಗಿನ ಮೊದಲ ಸಾಲಿನಲ್ಲೇ ಇತ್ತು.

"ಸರ್, ತಿರುಗಿಸಿ! ಮೊದಲು ಹೋದಲ್ಲಿಗೇ ಹೋಗಿ!"

ಎತ್ತರದ ಮಿತಿಯನ್ನೂ ತೆಗೆದುಹಾಕಿದಳು. ಪರದೆಯ ತುಂಬ ಚುಕ್ಕೆಗಳ ಕಸ ಸುರಿಯಿತು. "ಕೆಟ್ಟೋಯ್ತಾ ಮೇಡಂ?" ಎಂದು ಕ್ಯಾಪ್ಟನ್ ಗಾಬರಿಯಾದ. ಆ ಕಸದ ನಡುವೆ ಮೆಲ್ಲಗೆ ಕ್ಯಾಬಿನ್ನಿನ ಚಾವಣಿ ಮೂಡಿತು, ಆಮೇಲೆ ಮುರಿದ ಕಂಬ. ಅವಳು ಬಾಯಿಗೆ ಸೆರಗಿಟ್ಟುಕೊಂಡು ಗೊಳೋ ಎಂದಳು.

ಡೈವರ್‌ಗಳು ಇಳಿದರು. ಅವಳು ಹಡಗಿನಂಚಿನ ಕಂಬಿ ಹಿಡಿದು, ಕಂಡ ಕಂಡ ದೇವರಿಗೆಲ್ಲ ಮೊರೆಯಿಟ್ಟಳು. ಬಹಳ ಹೊತ್ತಿನ ಮೇಲೆ ಹಿರಿಯ ಡೈವರ್ ಮೇಲೆ ಬಂದ. ಮುಖವಾಡ ತೆಗೆದು, ಅವಳ ಕಡೆ ನೋಡಲಾರದೆ ನೀರನ್ನು ನೋಡುತ್ತ ಹೇಳಿದ.

"ಒಳಗೆ ಗಾಳಿ ಇತ್ತು ಮೇಡಂ. ಇಲ್ಲೀವರೆಗೆ ಸಾಕಾಗಿಲ್ಲ. ಮೈ ಇನ್ನೂ ಪೂರ್ತಿ ಸೆಟೆದಿಲ್ಲ, ಜೀವ ಹೋಗಿ ಜಾಸ್ತಿ ಹೊತ್ತಾಗಿಲ್ಲ."

ಫೋನು ಮತ್ತೆ ಬಂತು. ದೋಣಿ ಸಿಕ್ಕ ಸುದ್ದಿಯಷ್ಟೇ ದಡ ಮುಟ್ಟಿತ್ತು.

"ಎಲ್ಲಿತ್ತೇ?" ಅತ್ತಿಗೆಯ ದನಿಯಲ್ಲಿ ಇನ್ನೂ ಆಸೆಯಿತ್ತು.

"ಬೆಳಿಗ್ಗೆ ಮೊದಲು ಹೋದ ಜಾಗದಲ್ಲೇ."

"ಅಲ್ಲಿ ಏನೂ ಇಲ್ಲ ಅಂದಿದ್ಯಲ್ಲೇ?"

"ಇದ್ದ, ಅತ್ತಿಗೆ," ಎಂದಳು ಪೊರಕೆ. "ಆಗ ಬದುಕಿಯೂ ಇದ್ದ. ನಾನೇ ಗುಡಿಸಿ ಹಾಕಿದ್ದೆ."